ಹೊಸ ಪದ ಯಾರಿಗೆ ಹೆದರಿ ಹುಟ್ಟಿತು?

2025ರ ನವೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಕಿಯರ್ ಸ್ಟಾರ್ಮರ್ ಪೀಟರ್‌ಬರೋ ಊರಿನ ಶಾಲೆಯೊಂದಕ್ಕೆ ಹೋಗಿದ್ದರು. ಮಕ್ಕಳ ನಡುವೆ ಕೂತು ಪುಸ್ತಕ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಹುಡುಗಿ ಪುಟದ ಸಂಖ್ಯೆಯತ್ತ ಬೆರಳು ತೋರಿಸಿದಳು: ಆರು, ಏಳು. ಪ್ರಧಾನಿ ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ, ತೂಕ ನೋಡುವವರಂತೆ ಏರಿಳಿಸಿ ‘ಸಿಕ್ಸ್ ಸೆವೆನ್’ ಎಂದರು. ಮಕ್ಕಳ ಸಂಭ್ರಮ ಹೇಳತೀರದು. ಆ ಶಾಲೆಯಲ್ಲಿ ಹಾಗೆ ಹೇಳಿದರೆ ಮಕ್ಕಳಿಗೆ ಬೈಗುಳ ಬೀಳುತ್ತದೆ ಎಂಬುದು ಆಮೇಲೆ ತಿಳಿಯಿತು. ಪ್ರಧಾನಿ ಮುಖ್ಯ ಶಿಕ್ಷಕರ ಕ್ಷಮೆ ಕೇಳಿದರು.

ಅದಕ್ಕೆ ತಿಂಗಳ ಹಿಂದೆಯಷ್ಟೇ ಡಿಕ್ಷನರಿ ಡಾಟ್ ಕಾಮ್ ‘67’ ಅನ್ನು 2025ರ ವರ್ಷದ ಪದವೆಂದು ಸಾರಿತ್ತು. ಫಿಲಡೆಲ್ಫಿಯಾದ ರ‍್ಯಾಪರ್ ಸ್ಕ್ರಿಲ್ಲಾ ಹಾಡಿದ ಹಾಡೊಂದರಲ್ಲಿ ಈ ಎರಡು ಅಂಕಿಗಳು ಬರುತ್ತವೆ. ಆರಡಿ ಏಳಂಗುಲ ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರ ಲಮೆಲೊ ಬಾಲ್ ಅವರ ವಿಡಿಯೊಗಳಿಗೆ ಯಾರೋ ಆ ಹಾಡಿನ ತುಣುಕು ಸೇರಿಸಿದರು. ಅಲ್ಲಿಂದ ಅದು ಮಕ್ಕಳ ಬಾಯಿಗೆ ಬಂತು. ಅರ್ಥ ಕೇಳಿದರೆ ಅದನ್ನು ದಿನಕ್ಕೆ ನೂರು ಸಲ ಹೇಳುವ ಮಗುವೂ ಭುಜ ಕುಣಿಸುತ್ತದೆ.

ಇಂಥ ಪದಗಳನ್ನು ಮುಂದಿಟ್ಟುಕೊಂಡು ಭಾಷೆ ಕೆಟ್ಟುಹೋಯಿತು ಎಂದು ಹಲುಬುವುದು ಎಲ್ಲ ದೇಶಗಳಲ್ಲೂ ನಡೆದಿದೆ, ಕನ್ನಡದ ಮನೆಗಳಲ್ಲೂ ನಡೆದಿದೆ. ಹೈಸ್ಕೂಲಿನ ಹುಡುಗ ‘ಸಿಗ್ಮಾ’, ‘ಸ್ಕಿಬಿಡಿ’ ಎಂದರೆ ಊಟದ ತಟ್ಟೆಯ ಮುಂದೆಯೇ ಅಪ್ಪನ ಹುಬ್ಬು ಗಂಟಿಕ್ಕುತ್ತದೆ. ಆ ಸಿಟ್ಟಿನ ಹಿಂದಿರುವ ಕಾಳಜಿ ನಿಜವಾದದ್ದು. ಆದರೆ ಅದು ಬೀಳುತ್ತಿರುವುದು ತಪ್ಪು ಪದದ ಮೇಲೆ. ಅಂತರ್ಜಾಲ ಹುಟ್ಟಿಸುವ ಪದಗಳಲ್ಲಿ ನಾವು ನಿಜಕ್ಕೂ ಚಿಂತಿಸಬೇಕಾದವು ಬೇರೆಯೇ ಇವೆ. ಅವು ನೋಡಲು ಸಭ್ಯವಾಗಿವೆ, ದೊಡ್ಡವರೂ ಬಳಸುತ್ತಾರೆ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಅರ್ಥವಿಲ್ಲದ ಪದವೊಂದು ಊರನ್ನು ಹಿಡಿಯಲು ಫೋನು ಬೇಕಿಲ್ಲ. ಸ್ಕಾಟ್ಲೆಂಡ್ ಮೂಲದ ಪತ್ರಕರ್ತ ಚಾರ್ಲ್ಸ್ ಮ್ಯಾಕೆ 1841ರಲ್ಲಿ ಜನಸಮೂಹದ ಮರುಳುಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಲಂಡನ್ನಿನ ಬೀದಿಪದಗಳಿಗೇ ಒಂದು ಅಧ್ಯಾಯ ಇದೆ. ‘ಕ್ವಾಜ್’ ಎಂಬ ಒಂದು ಪದ ಆ ನಗರವನ್ನು ಆಳಿದ ಬಗೆಯನ್ನು ಅಲ್ಲಿ ಅವರು ವಿವರಿಸುತ್ತಾರೆ. ಎದುರಿನವನ ಮಾತು ನಂಬಲು ಆಗದಿದ್ದರೆ ಕ್ವಾಜ್. ಕೇಳಿದ ಉಪಕಾರ ಮಾಡಲು ಮನಸ್ಸಿಲ್ಲದಿದ್ದರೆ ಕ್ವಾಜ್. ದಾರಿಹೋಕನನ್ನು ರೇಗಿಸಲು ಬೀದಿ ಹುಡುಗನಿಗೂ ಕ್ವಾಜ್. ಹೆಂಡದಂಗಡಿಗಳಲ್ಲಿ ಅದೇ ಕೂಗು, ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಅದೇ ಬರಹ. ಬಂದಷ್ಟೇ ಬೇಗ ಅದು ಮಾಯವಾಯಿತು, ಇನ್ನೊಂದು ಪದ ಬಂತು. ಇಂಗ್ಲಿಷಿಗೆ ಏನೂ ಆಗಲಿಲ್ಲ.

ಸ್ಕಿಬಿಡಿಯ ಕಥೆಯೂ ಇದೇ. ಅಲೆಕ್ಸಿ ಗೆರಾಸಿಮೊವ್ ಎಂಬಾತ 2023ರಲ್ಲಿ ಯೂಟ್ಯೂಬಿಗೆ ಹಾಕತೊಡಗಿದ ಅನಿಮೇಶನ್ ಸರಣಿಯಲ್ಲಿ ಕಮೋಡಿನೊಳಗಿಂದ ಮನುಷ್ಯರ ತಲೆಗಳು ಎದ್ದು ಹಾಡುತ್ತವೆ. ಅಲ್ಲಿಂದ ಹಬ್ಬಿದ ಪದವನ್ನು ಕೇಂಬ್ರಿಜ್ ನಿಘಂಟು 2025ರಲ್ಲಿ ಒಳಗೆ ಬಿಟ್ಟುಕೊಂಡಿತು. ‘ಚೆನ್ನಾಗಿದೆ’ ಎಂದೂ ಆಗಬಹುದು, ‘ಕೆಟ್ಟದಾಗಿದೆ’ ಎಂದೂ ಆಗಬಹುದು, ಏನೂ ಇಲ್ಲದೆಯೂ ಇರಬಹುದು ಎಂದು ಅದಕ್ಕೆ ಅರ್ಥ ಕೊಟ್ಟಿತು. ನಿಘಂಟುಕಾರರು ಮಕ್ಕಳ ಹುಚ್ಚಾಟಕ್ಕೆ ಮಣಿದರು ಎಂದು ಕೆಲವರು ಟೀಕಿಸಿದರು. ಜನ ಬಳಸುವ ಪದವನ್ನು ದಾಖಲಿಸುವುದೇ ನಿಘಂಟಿನ ಕೆಲಸ. ಅದನ್ನು ಅವರು ಮಾಡಿದ್ದಾರೆ.

ಈ ಪದಗಳ ಅರ್ಥ ಪದದೊಳಗೆ ಸಿಗುವುದಿಲ್ಲ, ಹೇಳಿಕೊಳ್ಳುವವರ ನಡುವೆ ಸಿಗುತ್ತದೆ. ‘ನೀನು ನಮ್ಮವನು’ ಎಂಬುದೇ ಆ ಅರ್ಥ. ಕನ್ನಡದ ಮಕ್ಕಳು ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸಿ ಆಡುವ ‘ಕ ಭಾಷೆ’ಯ ಉದ್ದೇಶವೂ ಅದೇ: ದೊಡ್ಡವರಿಗೆ ತಿಳಿಯಬಾರದು, ಗೆಳೆಯರಿಗೆ ಮಾತ್ರ ತಿಳಿಯಬೇಕು. ಪ್ರಧಾನಿಯೇ ‘ಸಿಕ್ಸ್ ಸೆವೆನ್’ ಎಂದ ಮೇಲೆ ಆ ಗುಟ್ಟಿಗೆ ಹೆಚ್ಚು ಆಯುಷ್ಯ ಉಳಿಯುವುದಿಲ್ಲ. ಅದನ್ನು ನಿಲ್ಲಿಸಬೇಕೆನ್ನುವ ಶಿಕ್ಷಕರು ಬೈಯುವುದಕ್ಕಿಂತ ತಾವೇ ನಾಲ್ಕು ದಿನ ಬಳಸಿದರೆ ಬೇಗ ಫಲ ಸಿಗುತ್ತದೆ.

ಕನ್ನಡದ ಕಾಲೇಜು ಕಟ್ಟೆಯ ಮಾತನ್ನು ಹತ್ತಿರದಿಂದ ಕೇಳಿದರೆ ಇನ್ನೂ ಒಂದು ವಿಷಯ ಕಾಣುತ್ತದೆ. ‘ಮಿಂಚಿಂಗ್’ ಎಂಬ ಪದವನ್ನೇ ನೋಡಬಹುದು. ಮಿಂಚು ಎಂಬ ಅಚ್ಚಗನ್ನಡ ಧಾತುವಿಗೆ ಇಂಗ್ಲಿಷಿನ ಬಾಲ ಸೇರಿದೆ, ಮಾತ್ರವಲ್ಲ, ‘ಏನ್ ಮಿಂಚಿಂಗ್ ಗುರು’ ಎಂಬ ವಾಕ್ಯದಲ್ಲಿ ಅದು ಕನ್ನಡದ ನಾಮಪದದಂತೆ ನೆಮ್ಮದಿಯಾಗಿ ಕೂತಿದೆ. ‘ಸಕತ್’ ಉರ್ದುವಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ಗಟ್ಟಿ, ಕಠಿಣ. ಕನ್ನಡದ ಬಾಯಲ್ಲಿ ಊಟವೂ ಸಕತ್, ಸಿನಿಮಾವೂ ಸಕತ್. ಸುಡುವ ‘ಬೆಂಕಿ’ ಈಗ ಹೊಗಳಿಕೆಯ ತುತ್ತತುದಿ. ಆಕ್ಸ್‌ಫರ್ಡ್ 2023ರ ವರ್ಷದ ಪದವೆಂದು ಆರಿಸಿದ ‘ರಿಜ್’ ಎಂದರೆ ಎದುರಿನವರನ್ನು ಮಾತಿನಲ್ಲೇ ಮರುಳು ಮಾಡುವ ವರ್ಚಸ್ಸು. ಕರಿಸ್ಮಾ ಎಂಬ ಪದದ ನಡುಭಾಗವನ್ನು ಕತ್ತರಿಸಿ ತೆಗೆದದ್ದು. ಆ ವರ್ಚಸ್ಸನ್ನು ಹುಡುಗಿಯರ ಮುಂದೆ ಪ್ರಯೋಗಿಸುವುದಕ್ಕೆ ನಮ್ಮ ಹುಡುಗರು ‘ಕಾಳು ಹಾಕೋದು’ ಎಂಬ ಪದವನ್ನು ಯಾವ ನಿಘಂಟಿನ ಅಪ್ಪಣೆಯೂ ಇಲ್ಲದೆ ಬಹಳ ಹಿಂದೆಯೇ ಕಟ್ಟಿಕೊಂಡಿದ್ದರು. ಕನ್ನಡದ ವ್ಯಾಕರಣ ಇಷ್ಟು ಗಟ್ಟಿಯಾಗಿರುವಾಗ ಹೊರಗಿನ ನಾಲ್ಕು ಪದಗಳಿಗೆ ಹೆದರಬೇಕಾದ್ದಿಲ್ಲ.

ವ್ಯಾಕರಣದ ಮಾತು ಬಂದಾಗ ಬೆಂಗಳೂರಿನ ಕ್ರಿಕೆಟ್ ತಂಡ ಆರ್‌ಸಿಬಿಯ ಅಭಿಮಾನಿಗಳನ್ನು ಬಿಟ್ಟು ಮುಂದೆ ಹೋಗಲಾಗದು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಕನ್ನಡ ಬಾರದವರ ಬಾಯಲ್ಲೂ ಹರಿದಾಡಿತು. ಕಪ್ಪು ಬರದೆ ವರ್ಷಗಳು ಉರುಳಿದಂತೆ ಎದುರಾಳಿ ತಂಡಗಳ ಅಭಿಮಾನಿಗಳು ಅದನ್ನೇ ಮೂದಲಿಕೆ ಮಾಡಿಕೊಂಡರು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಆರ್‌ಸಿಬಿ ಮಹಿಳಾ ತಂಡ ಟ್ರೋಫಿ ಗೆದ್ದಿತು. ಸಾಂಗ್ಲಿಯಲ್ಲಿ ಬೆಳೆದ, ಕನ್ನಡ ಮನೆಮಾತಲ್ಲದ ನಾಯಕಿ ಸ್ಮೃತಿ ಮಂದಾನ ಆಗ ಮೈಕ್ ಹಿಡಿದು, ಇಷ್ಟು ದಿನ ‘ನಮ್ದೇ’ ಎನ್ನುತ್ತಿದ್ದಿರಿ, ಈಗ ‘ಈ ಸಲ ಕಪ್ ನಮ್ದು’ ಎಂದು ತಿದ್ದಿದರು. ಕೊನೆಯ ಒಂದು ಸ್ವರದಲ್ಲಿ ಇಡೀ ಕಥೆ ಇದೆ. ‘ನಮ್ದೇ’ ಎನ್ನುವ ಏಕಾರದಲ್ಲಿ ಹಟ ಇದೆ, ಆಸೆ ಇದೆ, ಇನ್ನೂ ಕೈಗೆ ಬಾರದ ಸಂಕಟ ಇದೆ. ಕಪ್ಪು ಕೈಯಲ್ಲಿದ್ದಾಗ ಆ ಒತ್ತು ಬೇಕಿಲ್ಲ, ‘ನಮ್ದು’ ಸಾಕು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರ ತಂಡವೂ ಗೆದ್ದಾಗ ಅಭಿಮಾನಿಗಳು ಆ ತಿದ್ದುಪಡಿಯನ್ನೇ ಕೂಗಿದರು. ಅವಧಾರಣೆಯ ಏಕಾರವನ್ನು ಇದಕ್ಕಿಂತ ಚೆನ್ನಾಗಿ ಕಲಿಸಿದ ಪಾಠ ಯಾವ ವ್ಯಾಕರಣ ಪುಸ್ತಕದಲ್ಲಿದೆ?

ಆದರೆ ಈ ಮಾತುಗಳನ್ನು ಬರೆದಿಡುವವರು ಯಾರು? ಜಗತ್ತೆಲ್ಲ ಬಳಸುವ ‘ಓಕೆ’ ಎಲ್ಲಿಂದ ಬಂತು ಎಂದು ಇಂದು ಖಚಿತವಾಗಿ ಹೇಳಬಹುದು. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು ಮೊದಲಕ್ಷರಗಳನ್ನು ತೆಗೆದು ಮಾಡಿದ ತಮಾಷೆ ಅದು. 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪತ್ರಿಕೆಯ ಹಳೆಯ ಸಂಚಿಕೆಗಳು ಉಳಿದಿದ್ದವು, ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಅವನ್ನು ಜಾಲಾಡಿ ಮೂಲ ತೋರಿಸಿಕೊಟ್ಟರು. ‘ಮಿಂಚಿಂಗ್’ ಯಾವ ಊರಿನ ಯಾವ ಕಾಲೇಜಿನಲ್ಲಿ ಯಾವ ವರ್ಷ ಹುಟ್ಟಿತು ಎಂದು ಹೀಗೆ ತೋರಿಸಿಕೊಟ್ಟವರಿಲ್ಲ. ಈಗಿನ ಕನ್ನಡದ ಬಹುಪಾಲು ಹೊಸ ಮಾತು ವಾಟ್ಸ್‌ಆ್ಯಪಿನಲ್ಲಿ, ಇನ್‌ಸ್ಟಾಗ್ರಾಂ ಕಾಮೆಂಟುಗಳಲ್ಲಿ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅಳಿಸಿಹೋಗುತ್ತಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಕಿಟ್ಟೆಲ್ ಸುಮಾರು 70 ಸಾವಿರ ಪದ ಸೇರಿಸಿದ್ದಲ್ಲದೆ, ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದು ಎಂದು ಗುರುತನ್ನೂ ಹಾಕಿದ್ದ. ಬಾಯಿಮಾತಿನ ಕನ್ನಡಕ್ಕೆ ಆ ಜರ್ಮನ್ ಪಾದ್ರಿ ತೋರಿದಷ್ಟು ಗೌರವವನ್ನಾದರೂ ಇಂದಿನ ಯುವಕರ ಕನ್ನಡಕ್ಕೆ ನಮ್ಮ ವಿಶ್ವವಿದ್ಯಾಲಯಗಳು ತೋರಬೇಕು.

ದಾಖಲೆ ಇಲ್ಲದಿದ್ದರೆ ಪದದ ಮಾಲೀಕರು ಮರೆಯಾಗುತ್ತಾರೆ, ಕೆಲವೊಮ್ಮೆ ದಾಖಲೆ ಇದ್ದರೂ ಮರೆಯಾಗುತ್ತಾರೆ. ‘ವೋಕ್’ ಪದದ ಪಾಡು ಅದಕ್ಕೆ ಸಾಕ್ಷಿ. 1931ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಒಂಬತ್ತು ಮಂದಿ ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಲಾಯಿತು. ಸ್ಕಾಟ್ಸ್‌ಬರೊ ಪ್ರಕರಣವೆಂದು ಅದು ಹೆಸರಾಯಿತು. ಗಾಯಕ ಲೆಡ್ ಬೆಲಿ ಆ ಹುಡುಗರ ಮೇಲೆ ಹಾಡು ಕಟ್ಟಿದರು. 1938ರ ಧ್ವನಿಮುದ್ರಣದಲ್ಲಿ, ಆ ಕಡೆ ಹೋಗುವ ತಮ್ಮ ಜನರಿಗೆ ‘ವೋಕ್’ ಆಗಿರಿ, ಎಂದರೆ ಮೈಯೆಲ್ಲ ಕಣ್ಣಾಗಿರಿ ಎಂದು ಎಚ್ಚರಿಸಿದರು. ಜೀವ ಉಳಿಸಿಕೊಳ್ಳಲು ಹೇಳಿದ ಮಾತದು. 1962ರಲ್ಲಿ ಕಪ್ಪು ಲೇಖಕ ವಿಲಿಯಂ ಮೆಲ್ವಿನ್ ಕೆಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದೇ ಪದವನ್ನು ತಲೆಬರಹದಲ್ಲಿ ಬಳಸಿ, ತಮ್ಮ ಜನರ ಮಾತುಗಳನ್ನು ಬಿಳಿಯರು ಹೇಗೆ ಎತ್ತಿಕೊಂಡು ಹೋಗುತ್ತಾರೆ ಎಂದು ಬರೆದರು. 2014ರಲ್ಲಿ ಅಮೆರಿಕದ ಫರ್ಗುಸನ್ ಊರಿನಲ್ಲಿ ಪೊಲೀಸರು ಕಪ್ಪು ಯುವಕನನ್ನು ಕೊಂದದ್ದರ ವಿರುದ್ಧ ನಡೆದ ಪ್ರತಿಭಟನೆಗಳ ನಂತರ ಅದು ಜಗತ್ತಿಗೆಲ್ಲ ತಿಳಿಯಿತು. 2022ಕ್ಕೆ ಫ್ಲೋರಿಡಾ ರಾಜ್ಯ ‘ಸ್ಟಾಪ್ ವೋಕ್’ ಎಂಬ ಹೆಸರಿನಲ್ಲಿ ಕಾನೂನು ತಂದಿತು. ಎಚ್ಚರಿಕೆಯ ಪದ ಎಂಬತ್ತು ಚಿಲ್ಲರೆ ವರ್ಷಗಳಲ್ಲಿ ಬೈಗುಳವಾಯಿತು.

‘ನೋ ಕ್ಯಾಪ್’, ‘ಲಿಟ್’ ಇತ್ಯಾದಿಗಳೂ ಕಪ್ಪು ಅಮೆರಿಕನ್ನರ ಆಡುಮಾತಿನಿಂದ ಬಂದವೇ. ‘ಸ್ಲೇ’, ‘ಶೇಡ್’ ಎಂಬವನ್ನು ರೂಢಿಗೆ ತಂದವರು ನ್ಯೂಯಾರ್ಕಿನ ಬಡ ಕಪ್ಪು ಮತ್ತು ಲ್ಯಾಟಿನೊ ಲೈಂಗಿಕ ಅಲ್ಪಸಂಖ್ಯಾತರು. ಅವರ ನೃತ್ಯಕೂಟಗಳ ಲೋಕವನ್ನು 1990ರ ಸಾಕ್ಷ್ಯಚಿತ್ರ ‘ಪ್ಯಾರಿಸ್ ಈಸ್ ಬರ್ನಿಂಗ್’ ತೋರಿಸಿದೆ. ಇಂದು ಇವೆಲ್ಲಕ್ಕೂ ‘ಜೆನ್ ಝೀ ಪದಗಳು’ ಎಂಬ ಒಂದೇ ಹಣೆಪಟ್ಟಿ. ನಮ್ಮಲ್ಲೂ ಇದರ ನೆರಳಿದೆ. ಕಲಬುರಗಿಯ, ವಿಜಯಪುರದ ಮಾತು ಬೆಂಗಳೂರಿನ ರೀಲ್ಸ್‌ಗಳಲ್ಲಿ ಬರುವುದು ಹೆಚ್ಚಾಗಿ ನಗೆಯ ಸರಕಾಗಿ. ಆ ಮಾತಿನಲ್ಲಿ ಬದುಕುವವರು ಅದನ್ನು ನೋಡುತ್ತಿದ್ದಾರೆ ಎಂಬ ಎಚ್ಚರ ಅದನ್ನು ಮಾಡುವವರಿಗೆ ಇರಬೇಕು.

ಇನ್ನು ಭಯದಿಂದ ಹುಟ್ಟುವ ಪದಗಳು. ಇವುಗಳಲ್ಲಿ ಎರಡು ಜಾತಿ. ಒಂದು ಚೀನಾದ್ದು. ಹೂ ಜಿಂಟಾವೊ ಅಧ್ಯಕ್ಷರಾಗಿದ್ದಾಗ ‘ಸಾಮರಸ್ಯದ ಸಮಾಜ’ ಕಟ್ಟುವುದು ಸರ್ಕಾರದ ಘೋಷಣೆಯಾಗಿತ್ತು. ಸರ್ಕಾರಕ್ಕೆ ಹಿಡಿಸದ ಬರಹ ಅಂತರ್ಜಾಲದಿಂದ ಅಳಿಸಿಹೋದಾಗ ಜನ ‘ನನ್ನ ಬರಹಕ್ಕೆ ಸಾಮರಸ್ಯವಾಯಿತು’ ಎನ್ನತೊಡಗಿದರು. ಆ ಪದದ ಮೇಲೂ ಕಣ್ಣು ಬಿದ್ದಾಗ ಸ್ವರದ ಏರಿಳಿತವಷ್ಟೇ ಬೇರೆಯಾದ, ಉಚ್ಚಾರ ಹೆಚ್ಚುಕಡಿಮೆ ಒಂದೇ ಆದ ಇನ್ನೊಂದು ಪದ ಹಿಡಿದರು: ಹೊಳೆ ಏಡಿ. ಕಲಾವಿದ ಐ ವೈವೈ ಅವರ ಶಾಂಘೈ ಸ್ಟುಡಿಯೊವನ್ನು ಕೆಡವಲು ಆದೇಶವಾದಾಗ, 2010ರ ನವೆಂಬರಿನಲ್ಲಿ ಅವರು ಅಲ್ಲಿ ಹೊಳೆ ಏಡಿಯ ಔತಣಕ್ಕೆ ಕರೆ ಕೊಟ್ಟರು. ಅವರನ್ನು ಬೀಜಿಂಗಿನ ಮನೆಯಲ್ಲೇ ತಡೆದಿಡಲಾಯಿತು. ಆದರೂ ನೂರಾರು ಮಂದಿ ಹೋಗಿ ಏಡಿ ತಿಂದು ಬಂದರು. 2018ರಲ್ಲಿ ಅಲ್ಲಿನ ಹೆಂಗಸರು ‘ಮೀ ಟೂ’ ಎಂದು ಬರೆಯಲಾಗದೆ, ಚೀನೀ ಭಾಷೆಯಲ್ಲಿ ಹಾಗೆಯೇ ಕೇಳಿಸುವ ‘ಅಕ್ಕಿ ಮೊಲ’ದ ಚಿತ್ರಗಳನ್ನು ಹಾಕಿದರು. 1989ರ ಜೂನ್ 4ರ ತಿಯಾನನ್ಮೆನ್ ಹತ್ಯಾಕಾಂಡವನ್ನು ‘ಮೇ 35’ ಎಂದು ಬರೆಯುತ್ತಾರೆ. ಇವೂ ಹೆದರಿಕೆಯ ಮಕ್ಕಳೇ. ಆದರೆ ಎದುರಿಗೆ ಯಾರಿದ್ದಾರೆ, ತಾನು ಏನನ್ನು ಮುಚ್ಚಿಟ್ಟು ಹೇಳುತ್ತಿದ್ದೇನೆ ಎಂಬುದು ಬರೆಯುವವರಿಗೆ ಗೊತ್ತು. ಆ ಪದಗಳಲ್ಲಿ ಧೈರ್ಯ ಇದೆ.

ನಾವು ನಿಜಕ್ಕೂ ಚಿಂತಿಸಬೇಕಾದ ಇನ್ನೊಂದು ಜಾತಿಗೆ ಆ ಧೈರ್ಯ ಇಲ್ಲ. ‘ಅನ್‌ಅಲೈವ್’ ಎಂಬ ಪದ ಅದರ ಮುಂದಾಳು. ‘ಬದುಕಿಲ್ಲದಂತೆ ಮಾಡು’ ಎಂಬಂಥ ಅರ್ಥ. 2013ರಲ್ಲಿ ಸ್ಪೈಡರ್‌ಮ್ಯಾನ್ ಕಾರ್ಟೂನೊಂದರಲ್ಲಿ ಡೆಡ್‌ಪೂಲ್ ಪಾತ್ರ ‘ಕೊಲ್ಲು’ ಎನ್ನಲಾರದೆ ಅದನ್ನು ತಮಾಷೆಗೆ ಬಳಸಿತ್ತು. ಕೆಲವು ವರ್ಷಗಳ ನಂತರ ಟಿಕ್‌ಟಾಕ್ ಬಳಕೆದಾರರು ಅದನ್ನು ಗಂಭೀರವಾಗಿ ಎತ್ತಿಕೊಂಡರು. ಸಾವು, ಕೊಲೆ, ಆತ್ಮಹತ್ಯೆ ಎಂದರೆ ಯಂತ್ರ ತಮ್ಮ ವಿಡಿಯೊವನ್ನು ಮೂಲೆಗೆ ತಳ್ಳುತ್ತದೆ, ಹಣ ನಿಲ್ಲಿಸುತ್ತದೆ ಎಂಬ ಭಯ. ಹೀಗೆ ಕಂಪನಿಯ ಲೆಕ್ಕಾಚಾರಕ್ಕೆ ಅಂಜಿ ಹುಟ್ಟುವ ಭಾಷೆಗೆ ‘ಆಲ್ಗೊಸ್ಪೀಕ್’ ಎಂಬ ಹೆಸರಿದೆ. ಭಾಷಾಶಾಸ್ತ್ರ ಓದಿದ ಆಡಮ್ ಅಲೆಕ್ಸಿಕ್ 2025ರಲ್ಲಿ ಅದೇ ಹೆಸರಿನ ಪುಸ್ತಕ ಬರೆದಿದ್ದಾರೆ. ಅಮೆರಿಕದ ಶಾಲಾಮಕ್ಕಳು ಹ್ಯಾಮ್ಲೆಟ್ ಬಗ್ಗೆ ಬರೆಯುವ ಪ್ರಬಂಧದಲ್ಲೂ ಈ ಪದ ಬಳಸುತ್ತಿದ್ದಾರೆ ಎನ್ನುತ್ತಾರೆ ಅವರು. ಅಲ್ಲಿ ಯಂತ್ರ ಇಲ್ಲ, ಓದುವವರು ಟೀಚರು. 2024ರಲ್ಲಿ ಸಿಯಾಟಲ್‌ನ ಪಾಪ್ ಕಲ್ಚರ್ ವಸ್ತುಸಂಗ್ರಹಾಲಯ ಗಾಯಕ ಕರ್ಟ್ ಕೊಬೇನ್ ಸಾವಿನ ಫಲಕದಲ್ಲಿ ಇದೇ ಪದ ಬರೆದು ಜನರ ಸಿಟ್ಟಿಗೆ ಗುರಿಯಾಗಿ ಫಲಕ ತೆಗೆಯಿತು. ಯಾವ ಸರ್ಕಾರವೂ ಆಜ್ಞೆ ಮಾಡಿರಲಿಲ್ಲ. ಯಾವ ಪದಕ್ಕೆ ಎಷ್ಟು ಶಿಕ್ಷೆ ಎಂದು ಕಂಪನಿಗಳು ತೆರೆದು ಹೇಳುವುದೂ ಇಲ್ಲ. ಊಹೆಯ ಮೇಲೆ ಜನ ತಮ್ಮ ನಾಲಗೆಯನ್ನು ತಾವೇ ಕಟ್ಟಿಕೊಂಡರು.

ಭಾರತದಲ್ಲಿ ಟಿಕ್‌ಟಾಕ್ 2020ರ ಜೂನಿನಲ್ಲೇ ನಿಷೇಧವಾಯಿತು. ಆ ಭಯ ಮಾತ್ರ ಯೂಟ್ಯೂಬ್, ಇನ್‌ಸ್ಟಾಗ್ರಾಂ ದಾರಿಯಲ್ಲಿ ಕನ್ನಡಕ್ಕೂ ಬಂದಿದೆ. ಅಪರಾಧ ಸುದ್ದಿಯ ಕನ್ನಡ ವಿಡಿಯೊಗಳ ಶೀರ್ಷಿಕೆಯಲ್ಲಿ ‘ಕೊಲೆ’ಯ ನಡುವೆ ನಕ್ಷತ್ರ ಚಿಹ್ನೆ, ‘ಅತ್ಯಾಚಾರ’ದ ನಡುವೆ ಚುಕ್ಕಿ, ನಿರೂಪಕರ ಬಾಯಲ್ಲಿ ‘ಆತ್ಮಹತ್ಯೆ’ಯ ಜಾಗದಲ್ಲಿ ಬೀಪ್ ಸದ್ದು ಸಾಮಾನ್ಯವಾಗಿದೆ.

ಇದರಲ್ಲಿ ತಪ್ಪೇನು, ನಮ್ಮ ಹಿರಿಯರೂ ಕೆಟ್ಟ ಮಾತನ್ನು ಮರೆಮಾಡಿಯೇ ಆಡುತ್ತಿದ್ದರಲ್ಲ ಎಂದು ಕೇಳಬಹುದು. ಆಡುತ್ತಿದ್ದರು, ಈಗಲೂ ಆಡುತ್ತಾರೆ. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನುತ್ತಾರೆ. ದೀಪ ಆರಿಸು ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಸಿಡುಬಿಗೆ ‘ಅಮ್ಮ’ ಎಂದರು. ಹೊರಟವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿಬರ್ತೀನಿ’ ಎನ್ನುತ್ತಾರೆ. ಸತ್ತವರ ಬಗ್ಗೆ ತೀರಿಕೊಂಡರು, ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು ಎಂದು ಮನೆತನಕ್ಕೆ, ನಂಬಿಕೆಗೆ ತಕ್ಕ ಮಾತಿದೆ. ಇವೆಲ್ಲ ಅಶುಭ ದೂರವಿರಲೆಂದೋ, ಎದುರಿಗಿರುವ ಮನುಷ್ಯನ ನೋವನ್ನು ನೆನೆದು ಅವನ ಮನಸ್ಸು ಮುರಿಯಬಾರದೆಂದೋ ಹುಟ್ಟಿದ ಮಾತು. ನಕ್ಷತ್ರ ಹಾಕಿದ ‘ಕೊಲೆ’ ಸತ್ತವರ ಮನೆಯವರನ್ನು ನೆನೆದು ಬರೆದದ್ದಲ್ಲ. ಅದು ಜಾಹೀರಾತಿನ ಹಣ ನೆನೆದು ಬರೆದದ್ದು.

ಅದರ ನಷ್ಟವೂ ಸಣ್ಣದಲ್ಲ. ಬದುಕು ಬೇಡವೆನಿಸಿದ ಹುಡುಗನೊಬ್ಬನ ಸಂಕಟಕ್ಕೆ ಹೆಸರಿರಬೇಕು. ಆ ಹೆಸರನ್ನು ಅವನು ಅಮ್ಮನ ಹತ್ತಿರ, ಮೇಷ್ಟ್ರ ಹತ್ತಿರ, ವೈದ್ಯರ ಹತ್ತಿರ ಹೇಳಬಲ್ಲವನಾಗಬೇಕು. ಕಾರ್ಟೂನಿನ ತಮಾಷೆಯ ಪದವೊಂದೇ ಅವನಿಗೆ ತಿಳಿದಿದ್ದರೆ, ಅವನು ಹೇಳಿದ್ದನ್ನು ಕೇಳಿದವರು ತಮಾಷೆ ಎಂದೇ ತಿಳಿಯುವ ಅಪಾಯ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ನೋಡಲ್ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇಂಥ ಸಂಖ್ಯೆಯನ್ನು ವಿಡಿಯೊದ ಕೆಳಗೆ ಒಂದು ಸಾಲಿನಲ್ಲಿ ಹಾಕುವುದು ಬೀಪ್ ಸದ್ದಿಗಿಂತ ಸಾವಿರ ಪಾಲು ಹೆಚ್ಚಿನ ಕೆಲಸ. ಆತ್ಮಹತ್ಯೆಯ ಸುದ್ದಿಯನ್ನು ವಿಧಾನದ ವಿವರವಿಲ್ಲದೆ, ರೋಚಕತೆಯಿಲ್ಲದೆ ಬರೆಯಬೇಕೆಂಬುದು ಪತ್ರಿಕೆಗಳಿಗೆ ಹಳೆಯ ಪಾಠ. ಆ ಸಂಯಮಕ್ಕೂ ಪದವನ್ನೇ ವಿರೂಪ ಮಾಡುವುದಕ್ಕೂ ಸಂಬಂಧ ಇಲ್ಲ.

ಶಾಲೆಗಳು 67 ಎಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವುದು ಬೇಡ. ಆ ಪದ ತಾನಾಗಿಯೇ ಬೇಗ ಹಳತಾಗುತ್ತದೆ. ಬದಲಿಗೆ ಶಿಕ್ಷಕರು ತರಗತಿಯಲ್ಲಿ ಒಂದು ಗಂಟೆ ಬಿಡುವು ಮಾಡಿ, ನೀವು ಬಳಸುವ ಹೊಸ ಪದ ಯಾವುದು, ಎಲ್ಲಿ ಕೇಳಿದಿರಿ, ಯಾರ ಮುಂದೆ ಹೇಳುವುದಿಲ್ಲ ಎಂದು ಕೇಳಿ, ಕನ್ನಡ ಅಕ್ಷರಗಳಲ್ಲಿ ಬರೆಸಿ, ಊರು ಮತ್ತು ಇಸವಿ ಹಾಕಿ ಇಟ್ಟುಕೊಳ್ಳಲಿ. ಕನ್ನಡದಲ್ಲಿ ವಿಡಿಯೊ ಮಾಡುವವರಲ್ಲಿ, ಸುದ್ದಿ ಬರೆಯುವವರಲ್ಲಿ ಕೇಳಬೇಕಾದದ್ದು ಒಂದೇ: ಕೊಲೆಯನ್ನು ಕೊಲೆ ಎಂದೇ ಬರೆಯಿರಿ, ಅತ್ಯಾಚಾರವನ್ನು ಅತ್ಯಾಚಾರ ಎಂದೇ ಹೇಳಿ, ನಡುವೆ ನಕ್ಷತ್ರ ಹಾಕಬೇಡಿ.